ಪ್ರಾಕ್ಸಿ ಹಾಕಿದ ಯಂತ್ರ

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಿದೆವು. ಮುಖ ನೋಡಿ ಹಾಜರಿ ಹಾಕುವ ವ್ಯವಸ್ಥೆ. ಎಂಜಿನಿಯರಿಂಗ್ ಓದುವವರಿಗೆ ಗೊತ್ತಿರುತ್ತದೆ, ಪ್ರತಿ ವರ್ಷ ಯಾವುದಾದರೂ ಒಂದು ತಂಡ ಇದನ್ನು ಮಾಡಿಯೇ ಮಾಡುತ್ತದೆ. ಸ್ವಲ್ಪ ಪೈಥಾನ್ ಬರಬೇಕು, ಒಂದು ವೆಬ್‌ಕ್ಯಾಮ್ ಬೇಕು, ಯೂಟ್ಯೂಬ್‌ನಲ್ಲಿ ಒಂದು ಟ್ಯುಟೋರಿಯಲ್ ಬೇಕು, ಅಷ್ಟೆ. ತರಗತಿಯ ಬಾಗಿಲ ಬಳಿ ಲ್ಯಾಪ್‌ಟಾಪ್ ಇಟ್ಟೆವು. ಒಳಗೆ ಬಂದವರ ಮುಖ ನೋಡಿ ಅದು ತಾನಾಗಿಯೇ ಎಕ್ಸೆಲ್ ಶೀಟ್‌ನಲ್ಲಿ ಹಾಜರಿ ಹಾಕಿಕೊಳ್ಳುತ್ತಿತ್ತು.

ಎರಡನೇ ದಿನವೇ ಎಡವಟ್ಟಾಯಿತು. ಸಿಂಧನೂರಿನ ಗೆಳೆಯ ಅಕ್ಕನ ಮದುವೆಗೆಂದು ಊರಿಗೆ ಹೋಗಿದ್ದ. ಅವನಿಗೆ ಹಾಜರಿ ಬಿದ್ದಿತ್ತು. ಮೊದಲ ಬೆಂಚಿನಲ್ಲೇ ಕೂತಿದ್ದ ಚಾಮರಾಜನಗರದ ಹುಡುಗನಿಗೆ ಗೈರುಹಾಜರಿ! ‘ಲೋ, ನಿಮ್ಮ ಮಿಷನ್ನೇ ಪ್ರಾಕ್ಸಿ ಹಾಕ್ತಿದೆಯಲ್ರೋ’ ಎಂದು ಇಡೀ ಕ್ಲಾಸು ನಕ್ಕಿತು. ಇಬ್ಬರ ಮುಖಕ್ಕೂ ಒಂದಿಷ್ಟೂ ಹೋಲಿಕೆಯಿಲ್ಲ. ಇಬ್ಬರೂ ಕಪ್ಪಗಿದ್ದಾರೆ, ಬಾಗಿಲ ಬಳಿಯ ಟ್ಯೂಬ್‌ಲೈಟ್ ಕೆಟ್ಟಿತ್ತು. ಯಂತ್ರಕ್ಕೆ ಅಷ್ಟು ಸಾಕಾಗಿತ್ತೇನೋ.

ಇದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹೇಳುತ್ತೇನೆ. ನಾವು ಬಳಸಿದ ತಂತ್ರಾಂಶ ಒಂದು ಮುಖವನ್ನು 128 ಅಂಕಿಗಳಾಗಿ ಮಾಡಿಕೊಳ್ಳುತ್ತದೆ. ಎರಡು ಮುಖಗಳ ಅಂಕಿಗಳ ನಡುವಿನ ಅಂತರ ಅಳೆಯುತ್ತದೆ. ಅಂತರ 0.6ಕ್ಕಿಂತ ಕಡಿಮೆ ಬಂದರೆ ಇಬ್ಬರೂ ಒಬ್ಬರೇ ಎನ್ನುತ್ತದೆ. ‘ಇವನೇ ಅವನು’ ಎಂದು ಅದಕ್ಕೆ ಯಾವತ್ತೂ ಗೊತ್ತಿರುವುದಿಲ್ಲ. ಅದು ಕೊಡುವುದು ಒಂದು ಅಂಕಿ, ಗೆರೆ ಎಳೆಯುವವರು ನಾವು. ಗಲಾಟೆಯಾದ ಮೇಲೆ ಗೆರೆಯನ್ನು 0.5ಕ್ಕೆ ಇಳಿಸಿದೆವು. ಆಗ ಅದಲುಬದಲು ನಿಂತಿತು. ಆದರೆ ಮರುದಿನ ಕಟಿಂಗ್ ಮಾಡಿಸಿಕೊಂಡು ಬಂದ ನನ್ನನ್ನೇ ಅದು ಗುರುತಿಸಲಿಲ್ಲ! ಬಿಗಿ ಮಾಡಿದರೆ ಬೇಕಾದವರು ತಪ್ಪಿಸಿಕೊಳ್ಳುತ್ತಾರೆ, ಸಡಿಲ ಬಿಟ್ಟರೆ ಬೇಡದವರು ಸಿಕ್ಕಿಬೀಳುತ್ತಾರೆ. ‘ಮೊದಲು 0.6 ಅಂತ ಇಟ್ಟಿದ್ರಲ್ಲ, ಅದನ್ನ ಹೇಳಿದ್ದು ಯಾರಪ್ಪಾ?’ ಎಂದು ನಮ್ಮ ಗೈಡ್ ಕೇಳಿದರು. ‘ಟ್ಯುಟೋರಿಯಲ್‌ನಲ್ಲಿ ಹಾಗೇ ಇತ್ತು ಸರ್’ ಎಂದೆವು.

ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ನಮ್ಮದೇನೋ ಹಾಜರಿ ವಿಷಯ. ಇದೇ ಕೆಲಸವನ್ನು ಪೊಲೀಸರು ಮಾಡುವಾಗ ಗೆರೆ ಎಲ್ಲಿರುತ್ತದೆ ಎಂದು ಹುಡುಕಿದೆ. ದೆಹಲಿ ಪೊಲೀಸರ ಬಗ್ಗೆ ಉತ್ತರ ಸಿಕ್ಕಿತು. 2022ರಲ್ಲಿ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಮಾಹಿತಿ ಹಕ್ಕಿನಡಿ ಕೇಳಿದಾಗ, ಶೇ 80ರಷ್ಟು ಹೋಲಿಕೆ ಬಂದರೆ ಅದನ್ನು ಹೊಂದಿಕೆ ಎಂದು ಪರಿಗಣಿಸುತ್ತೇವೆ ಎಂದು ಅವರು ಉತ್ತರಿಸಿದ್ದರು. ಅದಕ್ಕಿಂತ ಕಡಿಮೆ ಬಂದವರನ್ನೂ ಕೈಬಿಡಬೇಕೆಂದಿಲ್ಲ, ಬೇರೆ ಪುರಾವೆಗಳೊಂದಿಗೆ ತಾಳೆ ನೋಡಬಹುದು. 80 ಯಾಕೆ? 75 ಯಾಕಲ್ಲ, 95 ಯಾಕಲ್ಲ? ನನ್ನ ಗೈಡ್ ಅಲ್ಲಿದ್ದಿದ್ದರೆ ಖಂಡಿತ ಕೇಳುತ್ತಿದ್ದರು.

ದೆಹಲಿಯ ಕಥೆಯನ್ನು ಮೊದಲಿನಿಂದ ಓದಬೇಕು. ಈ ತಂತ್ರಾಂಶ ಅಲ್ಲಿಗೆ ಬಂದದ್ದು ಕಾಣೆಯಾದ ಮಕ್ಕಳನ್ನು ಹುಡುಕುವುದಕ್ಕೆ, ಹೈಕೋರ್ಟ್‌ನಲ್ಲಿದ್ದ ಒಂದು ಪ್ರಕರಣದಿಂದಾಗಿ. ಬೇಡ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? 2018ರ ಏಪ್ರಿಲ್‌ನಲ್ಲಿ ನಾಲ್ಕೇ ದಿನದ ಪ್ರಯೋಗದಲ್ಲಿ ಸುಮಾರು ಮೂರು ಸಾವಿರ ಮಕ್ಕಳ ಗುರುತು ಸಿಕ್ಕಿತು ಎಂದು ಸುದ್ದಿಯೂ ಆಯಿತು. ಆದರೆ ಅದೇ ವರ್ಷ ಕೋರ್ಟಿನ ಮುಂದೆ ಹೇಳಿದ್ದೇ ಬೇರೆ: ನಿಖರತೆ ಶೇ 2ರಷ್ಟು. 2019ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಇನ್ನೂ ಕೆಳಗಿಳಿದು, ಶೇ 1ಕ್ಕಿಂತ ಕಡಿಮೆ, ಹುಡುಗ ಯಾರು ಹುಡುಗಿ ಯಾರು ಎಂಬುದೂ ಅದಕ್ಕೆ ತಿಳಿಯುವುದಿಲ್ಲ ಎಂದಿತು. ನಮ್ಮ ಪ್ರಾಜೆಕ್ಟ್ ಇಷ್ಟು ಅಂಕ ತೆಗೆದಿದ್ದರೆ ವೈವಾಕ್ಕೇ ಬಿಡುತ್ತಿರಲಿಲ್ಲ.

ಇಷ್ಟಾದ ಮೇಲೂ ಅದರ ಬಳಕೆ ನಿಲ್ಲಲಿಲ್ಲ. 2020ರ ಮಾರ್ಚ್‌ನಲ್ಲಿ ಗೃಹ ಸಚಿವ ಅಮಿತ್ ಶಾ ಲೋಕಸಭೆಯಲ್ಲಿ, ದೆಹಲಿ ಗಲಭೆಗೆ ಸಂಬಂಧಿಸಿ 1,100ಕ್ಕೂ ಹೆಚ್ಚು ಜನರನ್ನು ಮುಖ ಗುರುತಿಸುವ ತಂತ್ರಾಂಶದಿಂದ ಪತ್ತೆ ಹಚ್ಚಲಾಗಿದೆ ಎಂದರು. ಮತದಾರರ ಗುರುತಿನ ಚೀಟಿ, ಡ್ರೈವಿಂಗ್ ಲೈಸೆನ್ಸ್‌ನ ಫೋಟೊಗಳನ್ನು ಅದಕ್ಕೆ ಉಣಿಸಲಾಗಿದೆ ಎಂದರು. ಸಾಫ್ಟ್‌ವೇರ್ ಧರ್ಮ ನೋಡುವುದಿಲ್ಲ, ಬಟ್ಟೆ ನೋಡುವುದಿಲ್ಲ, ಮುಖ ಮಾತ್ರ ನೋಡುತ್ತದೆ ಎಂಬ ಅರ್ಥದ ಮಾತನ್ನೂ ಆಡಿದರು. ಗಲಭೆ ಮಾಡಿದವರನ್ನು ಹಿಡಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನನಗೆ ತಟ್ಟಿದ್ದು ಆ ಫೋಟೊಗಳ ವಿಷಯ. ಹದಿನೆಂಟು ತುಂಬಿದ ವರ್ಷ ನಾನೂ ಎರಡಕ್ಕೂ ಫೋಟೊ ಕೊಟ್ಟಿದ್ದೇನೆ, ಒಂದು ವೋಟು ಹಾಕಲು, ಇನ್ನೊಂದು ಅಪ್ಪನ ಬೈಕ್ ಓಡಿಸಲು. ಇದನ್ನು ಶಂಕಿತರ ಪಟ್ಟಿಯ ಜೊತೆಗೂ ಹೋಲಿಸಬಹುದು ಎಂದು ಆ ಅರ್ಜಿಯಲ್ಲಿ ಓದಿದ ನೆನಪಿಲ್ಲ.

ಲೈಸೆನ್ಸ್ ಫೋಟೊ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದಲ್ಲಿ ಒಂದು ಉದಾಹರಣೆ ಇದೆ. ಡೆಟ್ರಾಯಿಟ್‌ನ ಅಂಗಡಿಯೊಂದರಲ್ಲಿ 2018ರಲ್ಲಿ ವಾಚುಗಳ ಕಳವಾಯಿತು. ಕ್ಯಾಮೆರಾದ ಮಸುಕು ಚಿತ್ರವನ್ನು ತಂತ್ರಾಂಶಕ್ಕೆ ಕೊಟ್ಟಾಗ ರಾಬರ್ಟ್ ವಿಲಿಯಮ್ಸ್ ಎಂಬ ಕಪ್ಪು ಜನಾಂಗದ ವ್ಯಕ್ತಿಯ ಹಳೆಯ ಲೈಸೆನ್ಸ್ ಫೋಟೊ ಎದ್ದುಬಂತು. 2020ರ ಜನವರಿಯಲ್ಲಿ ಪೊಲೀಸರು ಅವರ ಮನೆಗೇ ಬಂದು ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳ ಎದುರಿಗೇ ಕೈಕೋಳ ತೊಡಿಸಿದರು. ಸುಮಾರು 30 ಗಂಟೆ ಬಂಧನದಲ್ಲಿದ್ದರು. ಕಳ್ಳ ಅವರಾಗಿರಲಿಲ್ಲ. ಅವರು ಮೊಕದ್ದಮೆ ಹೂಡಿ, 2024ರಲ್ಲಿ ರಾಜಿಯಾದಾಗ, ಬರೀ ಯಂತ್ರದ ಮಾತು ನಂಬಿ ಯಾರನ್ನೂ ಬಂಧಿಸುವಂತಿಲ್ಲ ಎಂಬ ನಿಯಮಕ್ಕೆ ಅಲ್ಲಿನ ಪೊಲೀಸರು ಒಪ್ಪಬೇಕಾಯಿತು.

ಕಪ್ಪು ಮೈಬಣ್ಣದವರ ವಿಷಯದಲ್ಲಿ ಇವು ಹೆಚ್ಚು ಎಡವುತ್ತವೆ ಎಂಬುದು ನಮ್ಮ ಕ್ಲಾಸಿನ ತಮಾಷೆಯಷ್ಟೇ ಆಗಿರಲಿಲ್ಲ. 2018ರಲ್ಲಿ ಜಾಯ್ ಬುಲಮ್ವಿನಿ, ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು ಮುಖ ನೋಡಿ ಗಂಡೋ ಹೆಣ್ಣೋ ಹೇಳುವ, ದೊಡ್ಡ ಕಂಪನಿಗಳ ಮೂರು ತಂತ್ರಾಂಶಗಳನ್ನು ಪರೀಕ್ಷಿಸಿದ್ದರು. ಬಿಳಿ ಗಂಡಸರ ವಿಷಯದಲ್ಲಿ ತಪ್ಪು ಶೇ 0.8 ಮೀರಲಿಲ್ಲ. ಕಪ್ಪು ಹೆಂಗಸರಲ್ಲಿ ಅದು ಶೇ 34.7ರವರೆಗೂ ಹೋಗಿತ್ತು. ಆಮೇಲೆ ತಂತ್ರಾಂಶಗಳು ಸುಧಾರಿಸಿವೆ ನಿಜ. ಆದರೆ ಎಷ್ಟೇ ಸುಧಾರಿಸಿದರೂ ಜನಜಂಗುಳಿಯ ಲೆಕ್ಕವೇ ಬೇರೆ. ಮೆಜೆಸ್ಟಿಕ್‌ನಲ್ಲಿ ಒಂದು ಲಕ್ಷ ಮುಖಗಳನ್ನು ನೋಡಿದರು, ಸಾವಿರಕ್ಕೆ ಒಂದೇ ತಪ್ಪು ಎಂದಿಟ್ಟುಕೊಳ್ಳಿ. ಆದರೂ ನೂರು ಜನ ತಪ್ಪಾಗಿ ಸಿಕ್ಕಿಬಿದ್ದರು. ನಮ್ಮ ಚಾಮರಾಜನಗರದವನು ಸಂಜೆಯೇ ಶೀಟ್ ನೋಡಿ ಜಗಳಕ್ಕೆ ಬಂದ, ನಾವು ತಿದ್ದಿದೆವು. ಆ ನೂರು ಜನ ಯಾವ ಶೀಟ್ ನೋಡಬೇಕು? ತಮ್ಮ ಮುಖ ಯಾರೊಂದಿಗೋ ಹೊಂದಿಕೆಯಾಯಿತು ಎಂಬುದೇ ಅವರಿಗೆ ತಿಳಿಯುವುದಿಲ್ಲ.

ಹೈದರಾಬಾದ್‌ನ ಸಾಮಾಜಿಕ ಕಾರ್ಯಕರ್ತ ಎಸ್.ಕ್ಯೂ. ಮಸೂದ್ ಅವರಿಗೆ ಫೋಟೊ ತೆಗೆದದ್ದಾದರೂ ಗೊತ್ತಾಗಿತ್ತು. 2021ರ ಮೇ ತಿಂಗಳು, ಲಾಕ್‌ಡೌನ್ ಸಮಯ. ಪೊಲೀಸರು ರಸ್ತೆಯಲ್ಲಿ ನಿಲ್ಲಿಸಿ ಮಾಸ್ಕ್ ತೆಗೆಯಲು ಹೇಳಿದರು. ಇವರು ಒಪ್ಪದಿದ್ದರೂ ಫೋಟೊ ತೆಗೆದುಕೊಂಡರು. ಮುಖ ಗುರುತಿಸುವ ತಂತ್ರಜ್ಞಾನವನ್ನು ಯಾವ ಕಾನೂನಿನಡಿ ಬಳಸುತ್ತಿದ್ದೀರಿ ಎಂದು ಅವರು ತೆಲಂಗಾಣ ಹೈಕೋರ್ಟ್ ಮೆಟ್ಟಿಲೇರಿದರು.

ಸರಿಯಾದ ಪ್ರಶ್ನೆಯೇ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ ತೀರ್ಪು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲಿದೆ. ಇಳಿವಯಸ್ಸಿನಲ್ಲಿ ಅವರು ಆಧಾರ್ ಪ್ರಶ್ನಿಸಿ ಹೋಗಿದ್ದಕ್ಕೆ ಇಪ್ಪತ್ತರ ನಮಗೆ ಈ ಹಕ್ಕು ಸಿಕ್ಕಿತು. ಸರ್ಕಾರ ಆ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಮೊದಲು ಒಂದು ಕಾನೂನು ಇರಬೇಕು, ಸಕಾರಣ ಇರಬೇಕು, ಬೇಕಾದಷ್ಟೇ ಮೊಟಕು ಮಾಡಬೇಕು. ಬೀದಿಯಲ್ಲಿ ಹೋಗುವವರ ಮುಖ ಗುರುತಿಸಲು ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. 2022ರ ಗುರುತು ಪತ್ತೆ ಕಾಯ್ದೆ ಮುಖ್ಯವಾಗಿ ಬಂಧಿತರು, ಶಿಕ್ಷೆಗೊಳಗಾದವರ ಕುರಿತದ್ದು, ಅವರ ದಾಖಲೆಗಳನ್ನು 75 ವರ್ಷ ಇಟ್ಟುಕೊಳ್ಳಬಹುದು ಎನ್ನುತ್ತದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು ಎಂದು ಖುಷಿಪಡೋಣವೆಂದರೆ, ತನ್ನ ಸಂಸ್ಥೆಗಳಿಗೆ ಅದರಿಂದ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಅದರೊಳಗೇ ಇಟ್ಟುಕೊಂಡಿದೆ.

ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಡಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದಿವೆ. ಮುಖ ಗುರುತಿಸುವ ವ್ಯವಸ್ಥೆಯೂ ಯೋಜನೆಯ ಭಾಗ. ನನ್ನ ತಂಗಿ ಟ್ಯೂಷನ್ ಮುಗಿಸಿ ರಾತ್ರಿ ಬಸ್ಸಿಗೆ ಕಾಯುವಾಗ ತಲೆಯ ಮೇಲೊಂದು ಕ್ಯಾಮೆರಾ ಇದ್ದರೆ ಅಮ್ಮನಿಗೆ ಧೈರ್ಯ, ನನಗೂ. ಅದೇ ಕ್ಯಾಮೆರಾದ ಕೆಳಗೆ ನಾಳೆ ನಾವು ಫೀಸು ಹೆಚ್ಚಳದ ವಿರುದ್ಧ ಫ್ರೀಡಂ ಪಾರ್ಕಿನಲ್ಲಿ ಕೂತರೆ? ಕಳೆದ ತಿಂಗಳು ಇದನ್ನು ಹಾಸ್ಟೆಲ್‌ನಲ್ಲಿ ಹೇಳಿದಾಗ ಒಬ್ಬ, ‘ಕ್ಯಾಂಪಸ್ ಇಂಟರ್‌ವ್ಯೂ ಇದೆ ಮಾರಾಯ, ಸುಮ್ನೆ ಯಾಕೆ’ ಎಂದ. ಯಾರೂ ಅವನನ್ನು ತಡೆದಿರಲಿಲ್ಲ. ಪ್ರತಿಭಟನೆಯೂ ಇನ್ನೂ ನಿಗದಿಯಾಗಿರಲಿಲ್ಲ.

ಹೀಗಾಗಿ ಒಂದು ಮಾಹಿತಿ ಹಕ್ಕು ಅರ್ಜಿ ಬರೆದಿಟ್ಟಿದ್ದೇನೆ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ಶುಲ್ಕ ಹತ್ತು ರೂಪಾಯಿ. ನಮ್ಮ ಕ್ಯಾಮೆರಾಗಳಲ್ಲಿ ಶೇಕಡಾ ಎಷ್ಟು ಹೋಲಿಕೆ ಬಂದರೆ ಹೊಂದಿಕೆ ಎನ್ನುತ್ತೀರಿ, ಅದನ್ನು ನಿಗದಿ ಮಾಡಿದವರು ಯಾರು, ಇದುವರೆಗೆ ಎಷ್ಟು ತಪ್ಪಾಗಿದೆ, ಹೊಂದಿಕೆಯಾಗದವರ ಮುಖಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂಬ ನಾಲ್ಕು ಪ್ರಶ್ನೆಗಳು. ಪದಮಿತಿಯೊಳಗೇ ಮುಗಿದಿವೆ. ಸೋಮವಾರ ಇಂಟರ್ನಲ್ಸ್ ಮುಗಿದ ಮೇಲೆ ಪೋಸ್ಟಲ್ ಆರ್ಡರ್ ತರಬೇಕು.