ಟಿಕೆಟ್ ಕೊಡುವ ಓಟು ಯಾರ ಕೈಗೆ?

ಟಿಕೆಟ್ ಬೇಕಾದವರು ದಿಲ್ಲಿ ರೈಲು ಹತ್ತಬೇಕು, ಇದು ಕಾಂಗ್ರೆಸ್ಸಿನ ಹಳೇ ಪದ್ಧತಿ. 2014ರಲ್ಲಿ ರಾಹುಲ್ ಗಾಂಧಿ ಇದಕ್ಕೊಂದು ಮದ್ದು ತಂದರು. ಕೆಲವು ಲೋಕಸಭಾ ಕ್ಷೇತ್ರಗಳಲ್ಲಿ ಪಕ್ಷದವರೇ ಓಟು ಹಾಕಿ ಅಭ್ಯರ್ಥಿಯನ್ನು ಆರಿಸಲಿ ಎಂದರು. ನಮ್ಮ ರಾಜ್ಯದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡಕ್ಕೆ ಆ ಯೋಗ. ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಗೆದ್ದರು.

ಓಟು ಹಾಕಿದ್ದು ಯಾರು ಸ್ವಾಮಿ? ಪದಾಧಿಕಾರಿಗಳು, ಸ್ಥಳೀಯ ಸಂಸ್ಥೆಗಳಿಗೆ ಗೆದ್ದವರು ಮುಂತಾದವರು. ಬಾವುಟ ಕಟ್ಟಿ, ಚೀಟಿ ಹಂಚುವ ಸಾಮಾನ್ಯ ಸದಸ್ಯ ಹೊರಗೇ ಉಳಿದ. ಅಸಲಿ ಚುನಾವಣೆಯಲ್ಲಿ ಇಬ್ಬರೂ ಬಿಜೆಪಿ ಎದುರು ಸೋತರು. ಆ ವರ್ಷ ಮೋದಿ ಗಾಳಿ ಇತ್ತು ಅನ್ನಿ.

ಹಾಗಂತ ಬಾಗಿಲು ಪೂರಾ ತೆಗೆದರೆ? ಈ ಪದ್ಧತಿಯ ತೌರುಮನೆ ಅಮೆರಿಕ. ಅಲ್ಲಿನ ಕೆಲವು ರಾಜ್ಯಗಳಲ್ಲಿ ಪಕ್ಷ ಯಾವುದೆಂದು ಕೇಳದೆ ಓಟು ಕೊಡುತ್ತಾರೆ. ಎದುರು ಪಕ್ಷದವರು ನುಗ್ಗಿ ದುರ್ಬಲನನ್ನೇ ಆರಿಸಿಬಿಟ್ಟಾರು ಎಂಬ ಭಯ ಅಲ್ಲೂ ಉಂಟು. ಆದರೆ ಬಾಗಿಲು ಹಾಕಿದ್ದರ ಅನಾಹುತ ಇದಕ್ಕಿಂತ ದೊಡ್ಡದು. ಟೆಕ್ಸಾಸಿನಲ್ಲಿ ಒಂದು ಕಾಲಕ್ಕೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಸಿಕ್ಕವನೇ ಗೆದ್ದಂತೆ. ಆ ಪಕ್ಷವೋ, ಇದು ಖಾಸಗಿ ಸಂಘ ಅಂತ ಹೇಳಿ ಕಪ್ಪು ಜನರನ್ನು ಹೊರಗಿಟ್ಟಿತ್ತು. 1944ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಬೇಕಾಯ್ತು.

ಸದಸ್ಯತ್ವದ ರಶೀದಿ ಪಡೆದು ವರ್ಷ ತುಂಬಿದವರಿಗೆಲ್ಲ ಓಟು ಕೊಡಲಿ, ಹೆಸರಿನ ಪಟ್ಟಿ ಬ್ಲಾಕ್ ಕಚೇರಿ ಗೋಡೆಗೆ ಅಂಟಿಸಲಿ. ರಶೀದಿ ಪುಸ್ತಕ ಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡ ಮುಖಂಡರು ಇದಕ್ಕೆ ಒಪ್ಪಲಿಕ್ಕಿಲ್ಲ.