ಅಡಿಕೆಗೆ ಅಣಬೆ ರೋಗ: ಮುಂದೆ ಯಾವ ಮರಕ್ಕೆ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಿ

ಕೊರಟಗೆರೆ ಕಡೆಯ ನಮ್ಮ ತೋಟದಲ್ಲಿ ನಾಲ್ಕು ವರ್ಷದ ಹಿಂದೆ ಎರಡು ಅಡಿಕೆ ಮರ ಒಣಗಿದವು. ಬೇಸಿಗೆ, ನೀರು ಸಾಲಲಿಲ್ಲ ಅಂದ್ಕೊಂಡು ಮರ ಕಡಿಸಿದೆ, ಬುಡ ಹಾಗೇ ಬಿಟ್ಟೆ. ಮಳೆ ಬಂದ ಮೇಲೆ ಆ ಬುಡದಲ್ಲಿ ವಾರ್ನಿಷ್ ಹಚ್ಚಿದ ಹಾಗೆ ಹೊಳೆಯೋ ಕಂದು ಅಣಬೆ ಎದ್ದಿತು. ಮೂರು ವರ್ಷದಲ್ಲಿ ಅದರ ಸುತ್ತ ಹನ್ನೊಂದು ಮರ ಹೋದವು. ತೋಟಗಾರಿಕೆ ಓದಿದ ನಾನೇ ಮಾಡಿದ ತಪ್ಪಿದು. ನೀವು ಮಾಡಬೇಡಿ.

ರೋಗ ಹರಡೋದು ಹೇಗೆ?

ಇದು ಗ್ಯಾನೋಡರ್ಮಾ ಅನ್ನೋ ಶಿಲೀಂಧ್ರದ ಕೆಲಸ. ಅಡಿಕೆ, ತೆಂಗು ಎರಡಕ್ಕೂ ಬರುತ್ತೆ. ಮೊದಲು ಕೆಳಗಿನ ಗರಿ ಹಳದಿಯಾಗಿ ಜೋತು ಬೀಳುತ್ತೆ, ನೋಡೋಕೆ ನೀರಿನ ಕೊರತೆ ಥರಾನೇ ಇರುತ್ತೆ. ಆಮೇಲೆ ಕಾಂಡದ ಬುಡದಲ್ಲಿ ಕಂದು ರಸ ಸೋರುತ್ತೆ. ಅಣಬೆ ಕಾಣೋದು ಕೊನೆಗೆ. ಅಷ್ಟೊತ್ತಿಗೆ ಒಳಗೆ ಬೇರು ಕೊಳೆತಿರುತ್ತೆ, ಆ ಮರ ಉಳಿಯಲ್ಲ. ನಾವು ಉಳಿಸಬೇಕಾದ್ದು ಪಕ್ಕದ ಮರ.

9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ ಕೂರುತ್ತೆ. ಮಣ್ಣೊಳಗೆ ಒಂದರ ಬೇರು ಇನ್ನೊಂದಕ್ಕೆ ತಾಗುತ್ತೆ, ರೋಗ ಆ ದಾರಿಯಲ್ಲೇ ದಾಟುತ್ತೆ. ಉಳಿದ ಬುಡವೇ ಅದರ ಮನೆ.

ಯುರೋಪಿನ ಸ್ಪ್ರೂಸ್ ಕಾಡುಗಳಲ್ಲೂ ಹೆಟೆರೋಬೇಸಿಡಿಯಾನ್ ಅನ್ನೋ ಶಿಲೀಂಧ್ರ ಹೊಸದಾಗಿ ಕಡಿದ ಬುಡದ ಮೇಲೆ ಕೂತು, ಬೇರಿನಿಂದ ಬೇರಿಗೆ ಹೋಗುತ್ತೆ. ಅಲ್ಲಿನವರು ಮರ ಕಡಿದ ಕಾಲ, ಬುಡಗಳ ಸಂಖ್ಯೆ, ಮರಗಳ ಅಂತರ, ಹಿಂದಿನ ರೋಗ ಎಲ್ಲಾ ಕಂಪ್ಯೂಟರ್‌ಗೆ ಕೊಟ್ಟು ಮುಂದಿನ ನಷ್ಟ ಅಂದಾಜು ಮಾಡ್ತಾರೆ. ನಮಗೆ ಒಂದು ಹಾಳೆ ಸಾಕು.

ನಿಮ್ಮ ತೋಟದ ಲೆಕ್ಕ

ಸಾಲು ಪ್ರಕಾರ ಮರಗಳ ನಕ್ಷೆ ಬರೆದು, ಪ್ರತಿ ಮರಕ್ಕೂ ಅಂಕ ಕೊಡಿ:

- ಎರಡು ಸಾಲಿನೊಳಗೆ ರೋಗದ ಮರ ಇದ್ರೆ: 4
- ಹತ್ತಿರ ಅಡಿಕೆ, ತೆಂಗು, ಹೊಂಗೆ ಅಥವಾ ಗುಲ್‌ಮೊಹರ್‌ನ ಹಳೇ ಬುಡ ಉಳಿದಿದ್ರೆ: 2
- ಮಳೆ ನೀರು ದಿನಗಟ್ಟಲೆ ನಿಲ್ತಿದ್ರೆ: 2
- ಪಾತಿಯಿಂದ ಪಾತಿಗೆ ನೀರು ಹಾಯಿಸ್ತಿದ್ರೆ, ಇಲ್ಲಾ ರೋಟವೇಟರ್ ಬೇರು ಕೊಯ್ದಿದ್ರೆ: 1
- ಬೇಸಿಗೆಯಲ್ಲಿ ನೀರು ಕಡಿಮೆ ಬಿದ್ದಿದ್ರೆ: 1

ಇದು ನನ್ನ ಅನುಭವದ ಅಳತೆ, ಪ್ರಯೋಗಾಲಯದ್ದಲ್ಲ. 0–1 ಬಂದ್ರೆ ನಿಗಾ ಇಡಿ. 2–3 ಬಂದ್ರೆ ಕಾರಣ ಸರಿಪಡಿಸಿ. 4 ಮತ್ತು ಮೇಲೆ ಬಂದ ಮರಕ್ಕೆ ಬಣ್ಣ ಹಚ್ಚಿ, ಈ ವಾರವೇ ಕೆಲಸ ಶುರು ಮಾಡಿ. ಪ್ರತಿ ತಿಂಗಳು ಅದೇ ಮರಗಳ ಬುಡದ ಫೋಟೋ ಮೊಬೈಲ್‌ನಲ್ಲಿ ತೆಗೆದಿಡಿ. ರೋಗ ಯಾವ ಕಡೆ ನಡೀತಿದೆ ಅಂತ ಆ ಫೋಟೋಗಳೇ ಹೇಳ್ತವೆ.

ಏನು ಮಾಡಬೇಕು?

1. ಅಣಬೆ ಕಂಡ ಕೂಡಲೇ ಕಿತ್ತು ಸುಡಿ. ಸತ್ತ ಮರವನ್ನು ಬುಡ, ಬೇರು ಸಮೇತ ಅಗೆದು ಅಲ್ಲೇ ಸುಡಿ. ಬೇರೆ ಸಾಲಿನ ಮೇಲೆ ಎಳೆದುಕೊಂಡು ಹೋಗಬೇಡಿ.
2. ರೋಗದ ಮರದಿಂದ 3 ಅಡಿ ದೂರದಲ್ಲಿ ಸುತ್ತಲೂ 2 ಅಡಿ ಆಳ, 1 ಅಡಿ ಅಗಲದ ಕಾಲುವೆ ತೆಗೆಯಿರಿ. ಅದರ ನೀರು ಒಳ್ಳೆ ಮರದ ಕಡೆ ಹರಿಯಬಾರದು.
3. ಸುತ್ತಲಿನ ಮರಗಳಿಗೆ ವರ್ಷಕ್ಕೆ 2 ಕೆ.ಜಿ. ಬೇವಿನ ಹಿಂಡಿ ಕೊಡಿ. ಜೊತೆಗೆ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ಹಾಕಿ. ಅದರ ಜೊತೆ ಶಿಲೀಂಧ್ರನಾಶಕ ಬೆರೆಸಬೇಡಿ, ಟ್ರೈಕೋಡರ್ಮಾನೂ ಸಾಯುತ್ತೆ.
4. ಪಾತಿ ನೀರು ಬಿಟ್ಟು ಡ್ರಿಪ್‌ಗೆ ಬನ್ನಿ.

ಶಿರಾ, ಮಧುಗಿರಿ, ಪಾವಗಡದಲ್ಲಿ ಬೋರ್ ನಂಬಿ ಹೊಸದಾಗಿ ಅಡಿಕೆ ಇಡೋರು ಒಂದು ಮಾತು ಕೇಳಿ. ಹಳೇ ತೆಂಗು ಅಥವಾ ಹೊಂಗೆ ಕಡಿದ ಜಾಗವಾದ್ರೆ ಸಸಿ ತರೋಕೆ ಮುಂಚೆ ಬುಡಗಳನ್ನು ತೆಗೆಸಿ. ಜೆಸಿಬಿ ಬಾಡಿಗೆ ದುಬಾರಿ ಅನ್ನಿಸಬಹುದು. ಆದ್ರೆ ಐದಾರು ವರ್ಷ ಸಾಕಿದ ಮರ ಫಸಲಿಗೆ ಬಂದಾಗ ಒಣಗಿದ್ರೆ ಆ ವರ್ಷಗಳನ್ನ ಯಾರೂ ವಾಪಸ್ ಕೊಡಲ್ಲ.

ಅನುಮಾನ ಇದ್ರೆ ಬುಡದ ಫೋಟೋ, ಬೇರಿನ ತುಂಡು ತಗೊಂಡು ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ಅದಕ್ಕೂ ಮೊದಲು ಇವತ್ತು ಸಂಜೆ ತೋಟದಲ್ಲಿ ಒಂದು ಸುತ್ತು ಹಾಕಿ, ಎಷ್ಟು ಬುಡ ಉಳಿದಿವೆ ಎಣಿಸಿ.