ಮಸಲ್ ಕಾರಿನ ಬಲವೂ ಗಾಲಿಯ ಹಿಡಿತವೂ

ಮಳೆಗಾಲದಲ್ಲಿ ಹುನಗುಂದದ ಸುತ್ತಲಿನ ಎರೆಹೊಲಗಳಲ್ಲಿ ಟ್ರಾಕ್ಟರು ಸಿಕ್ಕಿಬೀಳುವುದನ್ನು ನೋಡದವರು ವಿರಳ. ಎಂಜಿನು ಗರ್ಜಿಸುತ್ತದೆ, ಹಿಂದಿನ ಗಾಲಿಗಳು ಭರದಿಂದ ತಿರುಗುತ್ತವೆ, ಕೆಸರು ಆಳೆತ್ತರ ಹಾರುತ್ತದೆ. ಯಂತ್ರ ಮಾತ್ರ ಒಂದು ಗೇಣೂ ಮುಂದೆ ಸರಿಯದು. ಇಲ್ಲಿ ಕೊರತೆ ಎಂಜಿನಿನ ಶಕ್ತಿಯದಲ್ಲ, ಆ ಶಕ್ತಿಗೆ ಆಸರೆಯಾಗಬೇಕಾದ ನೆಲದ ಹಿಡಿತದ್ದು. ಅಮೆರಿಕದ ಪ್ರಸಿದ್ಧ ‘ಮಸಲ್ ಕಾರು’ಗಳು ಡಾಂಬರು ರಸ್ತೆಯ ಮೇಲೆ ಎದುರಿಸಿದ ಸಮಸ್ಯೆಯೂ ಇದೇ ಬಗೆಯದು.

ಮಸಲ್ ಎಂದರೆ ಸ್ನಾಯು. ಸಂಸಾರಸ್ಥರು ಬಳಸುವ ಮಧ್ಯಮ ಗಾತ್ರದ ಕಾರಿನಲ್ಲಿ ಬಹು ದೊಡ್ಡ ಎಂಜಿನನ್ನು ಕೂರಿಸಿದರೆ ದೊರೆಯುವ ಗಾಡಿಗೆ ಈ ಹೆಸರು. ಇದರ ವಂಶಮೂಲವನ್ನು ಹುಡುಕುತ್ತ ಹೋದರೆ ನಾವು ಪಂದ್ಯದ ಅಂಗಳವನ್ನು ಸೇರುತ್ತೇವೆ. 1948ರಲ್ಲಿ ಅಮೆರಿಕದಲ್ಲಿ ‘ನಾಸ್ಕಾರ್’ ಎಂಬ ಸಂಸ್ಥೆ ಸ್ಥಾಪನೆಯಾಯಿತು. ಅಂಗಡಿಯಲ್ಲಿ ಕೊಂಡ ಕಾರನ್ನು ಯಾವ ಬದಲಾವಣೆಯನ್ನೂ ಮಾಡದೆ ಓಡಿಸಬೇಕೆಂಬ ಕಟ್ಟಳೆಯ ಮೊದಲ ಪಂದ್ಯವನ್ನು ಅದು 1949ರ ಜೂನ್ 19ರಂದು ಷಾರ್ಲಟ್ ನಗರದಲ್ಲಿ ನಡೆಸಿತು. ಮೊದಲು ಗುರಿ ಮುಟ್ಟಿದವನು ಗ್ಲೆನ್ ಡನವೇ. ಆದರೆ ಅವನ ಫೋರ್ಡ್ ಕಾರಿನ ಹಿಂಬದಿಯ ಸ್ಪ್ರಿಂಗುಗಳನ್ನು ಬಿಗಿಗೊಳಿಸಿದ್ದುದು ತಪಾಸಣೆಯಲ್ಲಿ ಬಯಲಾಯಿತು. ಕಳ್ಳಸಾರಾಯಿ ಸಾಗಿಸುವವರು, ಭಾರಕ್ಕೆ ಗಾಡಿ ಕುಸಿಯದಿರಲೆಂದು ಮಾಡುತ್ತಿದ್ದ ಉಪಾಯವದು! ಗೆಲುವು ಲಿಂಕನ್ ಕಾರಿನ ಜಿಮ್ ರೋಪರನ ಪಾಲಾಯಿತು.

ಮನೆಯ ಕಾರು ಪಂದ್ಯದಲ್ಲಿ ಗೆದ್ದರೆ ಅದರ ಮಾರಾಟವೂ ಹೆಚ್ಚುವುದೆಂದು ತಯಾರಕರು ಬೇಗನೆ ಅರಿತರು. 1955ರ ಕ್ರೈಸ್ಲರ್ ಸಿ-300 ಕಾರಿಗೆ 300 ಅಶ್ವಶಕ್ತಿಯ ಎಂಜಿನಿತ್ತು. ಅದನ್ನೋಡಿಸಿ ಟಿಮ್ ಫ್ಲಾಕ್ ಆ ವರ್ಷದ ನಾಸ್ಕಾರ್ ಪ್ರಶಸ್ತಿಯನ್ನು ಪಡೆದನು. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನು ಸಲ್ಲದೆಂಬ ನಿಯಮ ಜನರಲ್ ಮೋಟರ್ಸ್ ಕಂಪನಿಯಲ್ಲಿತ್ತು. 1964ರಲ್ಲಿ ಅದರ ಪಾಂಟಿಯಾಕ್ ವಿಭಾಗದವರು 389 ಘನ ಅಂಗುಲದ, ಎಂದರೆ ಸುಮಾರು 6.4 ಲೀಟರಿನ ಎಂಜಿನನ್ನು ಗ್ರಾಹಕರು ಇಚ್ಛೆಯಿದ್ದರೆ ಪಡೆಯಬಹುದಾದ ಹೆಚ್ಚುವರಿ ಸಲಕರಣೆಯೆಂದು ಮಾರಿ ಆ ನಿಯಮದಿಂದ ನುಣುಚಿಕೊಂಡರು. ಅದೇ ಜಿ.ಟಿ.ಓ. ಕಾರು, 325 ಅಶ್ವಶಕ್ತಿ. ಎಂಜಿನನ್ನು ಹೊರಗಿಟ್ಟು, ಹಲವು ಉಪಾಂಗಗಳನ್ನು ಕಳಚಿ ಅಳೆದ ಅಂಕಿಯಿದು. ಗಾಡಿಯೊಳಗೆ ಸಿಗುತ್ತಿದ್ದುದು ಇದಕ್ಕಿಂತ ಕಡಿಮೆ.

ಇಷ್ಟು ಶಕ್ತಿಯಲ್ಲಿ ನೆಲಕ್ಕೆ ಮುಟ್ಟುವುದೆಷ್ಟು? ನಾವೇ ಲೆಕ್ಕ ಹಾಕಿ ನೋಡೋಣ. ಕಾರಿನ ದ್ರವ್ಯರಾಶಿ 1600 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಗಾಡಿ ಮುಂದಕ್ಕೆ ಚಿಮ್ಮುವಾಗ ಭಾರವು ಹಿಂದಕ್ಕೆ ವಾಲುವುದರಿಂದ ಸುಮಾರು ಅರ್ಧ ಭಾರ ಹಿಂದಿನ ಗಾಲಿಗಳ ಮೇಲಿರುತ್ತದೆ. ಎಂಜಿನು ತಿರುಗಿಸುವುದು ಆ ಗಾಲಿಗಳನ್ನೇ. ಟೈರಿಗೂ ಒಣ ರಸ್ತೆಗೂ ನಡುವಿನ ಘರ್ಷಣಾಂಕ 0.8 ಎಂದಾದರೆ, ಗಾಲಿಗಳು ಜಾರದೆ ನೆಲವನ್ನು ತಳ್ಳಬಹುದಾದ ಗರಿಷ್ಠ ಬಲ 800 × 9.8 × 0.8, ಎಂದರೆ ಸುಮಾರು 6300 ನ್ಯೂಟನ್.

ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ಗಾಡಿ ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು ವೇಗದಲ್ಲಿರುವಾಗ ಈ ಬಲಕ್ಕೆ ಬೇಕಾಗುವ ಸಾಮರ್ಥ್ಯ 63,000 ವ್ಯಾಟ್. ಒಂದು ಅಶ್ವಶಕ್ತಿಗೆ 746 ವ್ಯಾಟಿನಂತೆ ಇದು ಸುಮಾರು 85 ಅಶ್ವಶಕ್ತಿ ಮಾತ್ರ! ಚಾಲಕನು ಅದಕ್ಕಿಂತ ಹೆಚ್ಚಾಗಿ ಒತ್ತಿದರೆ ಟೈರು ಜಾರಿ, ಸುಟ್ಟು, ಹೊಗೆಯೇಳುವುದೇ ಹೊರತು ಗಾಡಿಯ ವೇಗ ಬೇಗ ಏರದು. ಗಂಟೆಗೆ 100 ಕಿಲೋಮೀಟರು ಮುಟ್ಟಿದಾಗಲೂ ನೆಲ ತಾಳಬಲ್ಲದ್ದು ಸುಮಾರು 235 ಅಶ್ವಶಕ್ತಿ. ಆದುದರಿಂದ ನಿಂತಲ್ಲಿಂದ ಹೊರಟ ಗಾಡಿಯ ವೇಗೋತ್ಕರ್ಷವನ್ನು ನಿರ್ಧರಿಸುವುದು ಎಂಜಿನಿಗಿಂತ ಮಿಗಿಲಾಗಿ ಗಾಲಿಯ ಹಿಡಿತವೇ.

ಹಾಗಾದರೆ ದೊಡ್ಡ ಎಂಜಿನು ವ್ಯರ್ಥವೇ? ಅಲ್ಲ. ವೇಗ ಹೆಚ್ಚಿದಂತೆ ಅದರ ಉಪಯೋಗವೂ ಹೆಚ್ಚುತ್ತದೆ. ದೀರ್ಘ ಪಂದ್ಯಾಂಗಣದಲ್ಲಿ ಅದೇ ರಾಜ. 1964ರ ಡೇಟೋನಾ 500 ಪಂದ್ಯದಲ್ಲಿ ಅರ್ಧಗೋಳಾಕಾರದ ದಹನಕೋಶಗಳುಳ್ಳ 7 ಲೀಟರಿನ ‘ಹೆಮಿ’ ಎಂಜಿನಿನಿಂದ ರಿಚರ್ಡ್ ಪೆಟ್ಟಿ ಗೆದ್ದನು. ಜನರಿಗೆ ಮಾರದ ಎಂಜಿನು ಪಂದ್ಯಕ್ಕೆ ಸಲ್ಲದೆಂದು ನಾಸ್ಕಾರ್ 1965ರಲ್ಲಿ ಅದನ್ನು ತಡೆಯಿತು. 1966ರಲ್ಲಿ ಕ್ರೈಸ್ಲರ್ ಕಂಪನಿ ಅದನ್ನು ರಸ್ತೆಯ ಕಾರುಗಳಲ್ಲಿಯೂ ಅಳವಡಿಸಿ ಮಾರಿತು. ಹೀಗೆ ಪಂದ್ಯದ ನಿಯಮವೇ ಪಂದ್ಯದ ಎಂಜಿನನ್ನು ಬೀದಿಗೆ ತಂದಿತು.

ಆದರೆ ಬೀದಿಯಲ್ಲಿ ಓಡುವುದಕ್ಕಿಂತ ನಿಲ್ಲುವುದು ಮುಖ್ಯ. ಚಲನಶಕ್ತಿಯು ವೇಗದ ವರ್ಗಕ್ಕನುಸಾರವಾಗಿ ಬೆಳೆಯುತ್ತದೆ. ವೇಗ ಎರಡುಪಟ್ಟಾದರೆ ಅದು ನಾಲ್ಕುಪಟ್ಟು. ನಮ್ಮ 1600 ಕಿಲೋಗ್ರಾಮಿನ ಕಾರು ಗಂಟೆಗೆ 120 ಕಿಲೋಮೀಟರಿನಲ್ಲಿ ಹೊಂದಿರುವ ಶಕ್ತಿ ಸುಮಾರು 8,90,000 ಜೂಲ್. ಇದು ಎರಡೂವರೆ ಲೀಟರು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ನಿಲ್ಲಿಸುವಾಗ ಈ ಶಕ್ತಿಯ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗಬೇಕು. ಜಿ.ಟಿ.ಓ. ಕಾರಿಗಿದ್ದುದು ಸಾಧಾರಣ ಡ್ರಮ್ ಬ್ರೇಕುಗಳು. ಮತ್ತೆ ಮತ್ತೆ ಒತ್ತಿದರೆ ಕಾದು ಅವುಗಳ ಹಿಡಿತ ಕುಗ್ಗುತ್ತಿತ್ತು. ಅಪಘಾತಗಳಿಂದ ಏರಿದ ವಿಮೆಯ ಕಂತು, 1970ರ ವಾಯುಶುದ್ಧಿ ಕಾನೂನು, 1973ರ ತೈಲದ ಅಭಾವ, ಇವೆಲ್ಲ ಸೇರಿ ಮಸಲ್ ಕಾರಿನ ಮೊದಲ ಯುಗವನ್ನು ಮುಗಿಸಿದುವು.

ನಮ್ಮ ದೇಶದಲ್ಲಿಯೂ ಮನೆಬಳಕೆಯ ಕಾರುಗಳ ಪಂದ್ಯಗಳು ನಡೆದಿವೆ. ಮದರಾಸಿನ ಬಳಿಯ ಶೋಳಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯೇ ಅದಕ್ಕೆ ಅಂಗಳವಾಗಿತ್ತು. ಅಂತಹ ಅಂಗಳದಲ್ಲಿ ಎದುರಿನಿಂದ ವಾಹನ ಬಾರದು, ದನ ಅಡ್ಡ ನುಗ್ಗದು. ಹುನಗುಂದವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 50 ಅಂತಹುದಲ್ಲ. ಇಲಕಲ್ಲಿನ ಗ್ರಾನೈಟು ಹೊತ್ತ ಲಾರಿಗಳೂ ಹೊಲಕ್ಕೆ ಹೋಗುವ ಜನರೂ ಅಲ್ಲಿದ್ದಾರೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಕಾರು, ಚಾಲಕನು ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡನ್ನೂ ಸೇರಿಸಿ, ಸುಮಾರು 34 ಮೀಟರಿನಲ್ಲಿ ನಿಲ್ಲಬಲ್ಲದು. 120ರಲ್ಲಿ ಅದಕ್ಕೆ 104 ಮೀಟರು ಬೇಕು. ರಸ್ತೆ ನೆನೆದಿದ್ದರೆ ಇನ್ನೂ ಹೆಚ್ಚು. ಎಂಜಿನಿನ ಅಶ್ವಶಕ್ತಿಯನ್ನು ಹಣ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ರಸ್ತೆಯ ಘರ್ಷಣೆ ಮಾತ್ರ ಯಾರ ಮೇಲೂ ದಾಕ್ಷಿಣ್ಯ ತೋರದು. ಪ್ರತಿಯೊಬ್ಬ ತರುಣ ಚಾಲಕನೂ ಮೊದಲು ಕಲಿಯಬೇಕಾದ ಲೆಕ್ಕವಿದು.